ಎಳೆಯ ದನಿ ಬಲಿಯುವ ಜಾಗ

ಹಕ್ಕಿ ನೋಡಲು ಹೋಗುವವರಿಗೆ ಒಂದು ಅಭ್ಯಾಸ ತಾನಾಗಿ ಬಂದುಬಿಡುತ್ತದೆ. ಹಕ್ಕಿಗಿಂತ ಮೊದಲೇ ಹೋಗಿ ಕೂರುವುದು, ಅದು ಹಾರಿಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರುವುದು. ಹೊಸ ಬ್ಯಾಂಡೊಂದು ಮೊದಮೊದಲು ಜನರೆದುರು ನುಡಿಸುವುದನ್ನು ನೋಡುವುದಕ್ಕೂ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಎಂಟು ಗಂಟೆಗೆ ಹಾಡು ಅಂದರೆ ಸೌಂಡ್ ಚೆಕ್‌ಗೂ ಮುಂಚೆ ಹೋಗಿ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಕೂರುತ್ತೇನೆ. ಚೀಲದಲ್ಲಿ, ಮಳೆಗಾಲದಲ್ಲಿ ಕಪ್ಪೆಗಳ ಕೂಗು ಹಿಡಿಯಲು ಒಯ್ಯುವ ರೆಕಾರ್ಡರು, ಒಂದು ಟಿಪ್ಪಣಿ ಪುಸ್ತಕ, ಎರಡು ಪೆನ್ಸಿಲ್ಲು.

ನಾನು ಹಿಂಬಾಲಿಸಿದ ತಂಡದಲ್ಲಿ ಐದು ಜನ. ಬೇಸ್ ಗಿಟಾರ್ ನುಡಿಸುವವನು ನನ್ನ ಅಕ್ಕನ ಮಗ. ಹಾಡುವ ಹುಡುಗಿ ಮೈಸೂರಿನವಳು. ಡ್ರಮ್ಸ್ ಮತ್ತು ಗಿಟಾರ್ ಹುಡುಗರು ಬೆಂಗಳೂರಿನವರು. ತಮಟೆ ಬಡಿಯುವವನು ಕನಕಪುರದ ಕಡೆಯವನು. ಹಾಡೆಲ್ಲ ಕನ್ನಡದವು, ಇವರೇ ಬರೆದು ಇವರೇ ರಾಗ ಹಾಕಿಕೊಂಡವು. ಸಿನಿಮಾ ಹಾಡು ನುಡಿಸುವುದಿಲ್ಲ ಎಂದು ಶುರುವಿನಲ್ಲೇ ತೀರ್ಮಾನಿಸಿದ್ದಾರೆ. ಆ ತೀರ್ಮಾನದಿಂದ ಕರೆಯುವವರು ಕಡಿಮೆಯಾಗುತ್ತಾರೆ, ಆದರೂ ಅದು ಸರಿಯೆಂದೇ ನನ್ನ ಎಣಿಕೆ. ಬೆಂಗಳೂರಿಗೆ ಇಂಥ ತಂಡಗಳು ಹೊಸವೇನಲ್ಲ. ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಲ್ಲಿ ಶುರುವಾಯಿತು. ರಘು ದೀಕ್ಷಿತ್ ತಂಡ ಶಿಶುನಾಳ ಷರೀಫರ ತತ್ವಪದವನ್ನು ಗಿಟಾರು, ಪಿಟೀಲು, ಡ್ರಮ್ಸ್ ಜೊತೆ ಹಾಡಿದ ಆಲ್ಬಮ್ 2008ರಲ್ಲಿ ಬಂತು. ಇವತ್ತು ದೊಡ್ಡ ಮೈದಾನ ತುಂಬಿಸುವ ಎಲ್ಲ ತಂಡಗಳಿಗೂ ಖಾಲಿ ಕುರ್ಚಿಗಳೆದುರು ನುಡಿಸಿದ ಸಂಜೆಗಳು ಇದ್ದೇ ಇವೆ. ಆ ಸಂಜೆಗಳಲ್ಲಿ ಏನಾಗುತ್ತದೆ ಅನ್ನುವುದೇ ನನ್ನ ಕುತೂಹಲ.

ಮೊದಲು ಅವರ ಅಭ್ಯಾಸದ ಜಾಗ. ಮನೆಯೊಂದರ ಕಾರ್ ಶೆಡ್ಡು, ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ್ದಾರೆ. ಟ್ರೇಗಳು ಸದ್ದು ಹೊರಗೆ ಹೋಗುವುದನ್ನು ತಡೆಯಲಾರವು, ಒಳಗೆ ಮರಳಿ ಬರುವ ಕೀರಲನ್ನು ಒಂದಿಷ್ಟು ತಗ್ಗಿಸುತ್ತವೆ, ಅಷ್ಟೆ. ಮೂಲೆಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಸಂಜೆಗಟ್ಟಲೆ ಕೇಳಿದೆ. ನನಗೆ ಮೊದಲು ಎದ್ದು ಕಂಡದ್ದು, ಒಂದೇ ಹಾಡು ಎರಡು ಸಲ ಒಂದೇ ಥರ ಇರುವುದಿಲ್ಲ ಎಂಬುದು. ಗಿಟಾರಿನವನು ಚರಣ ಮುಗಿದಲ್ಲಿ ಒಮ್ಮೆ ಮೇಲಿನ ಸ್ವರಕ್ಕೆ ಹೋಗುತ್ತಾನೆ, ಒಮ್ಮೆ ಕೆಳಗಿಳಿಯುತ್ತಾನೆ. ಹುಡುಗಿ ಒಂದು ಪದವನ್ನು ಎಳೆದು ನೋಡುತ್ತಾಳೆ, ಮುಂದಿನ ಸಲ ತುಂಡರಿಸುತ್ತಾಳೆ. ಡ್ರಮ್ಸ್ ಹುಡುಗ ಎಲ್ಲಿ ಬೇಕೆಂದರಲ್ಲಿ ನಿಲ್ಲಿಸುತ್ತಾನೆ. “ಮಗಾ, ಇನ್ನೊಂದ್ಸಲ. ಈ ಸಲ ಬೇರೆ ಥರ ಟ್ರೈ ಮಾಡೋಣ” ಅನ್ನುವುದು ಆ ಶೆಡ್ಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ ಮಾತು.

ಹಾಡುವ ಹಕ್ಕಿಗಳಲ್ಲಿ ಈ ಹಂತವನ್ನು ಬಹಳ ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ಕೇಂಬ್ರಿಜ್‌ನ ಡಬ್ಲ್ಯು. ಎಚ್. ಥಾರ್ಪ್ 1950ರ ದಶಕದಲ್ಲಿ ಚಾಫಿಂಚ್ ಹಕ್ಕಿಯ ಮರಿಗಳ ದನಿಯನ್ನು ಕಾಗದದ ಮೇಲೆ ಗೆರೆಗಳಾಗಿ ಮೂಡಿಸಿ ತೋರಿಸಿದರು. ಮರಿ ಮೊದಲು ತಗ್ಗಿದ ದನಿಯಲ್ಲಿ ಗೊತ್ತುಗುರಿಯಿಲ್ಲದೆ ಗುನುಗುತ್ತದೆ, ಆಮೇಲೆ ತುಣುಕುಗಳನ್ನು ಅದಲುಬದಲು ಮಾಡುತ್ತದೆ, ಕೊನೆಗೊಂದು ದಿನ ಹಾಡು ಗಟ್ಟಿಯಾಗುತ್ತದೆ. ನಮ್ಮ ಹಿತ್ತಲಿನ ಮಡಿವಾಳ ಹಕ್ಕಿಯ ಗಂಡು ಮಾಗಿ ಕಳೆಯುವ ಹೊತ್ತಿಗೆ ನುಗ್ಗೆಮರದೊಳಗೆ ಕೂತು, ಕೊಕ್ಕು ತೆರೆದೂ ತೆರೆಯದ ಹಾಗೆ ಗುನುಗುವುದನ್ನು ಹತ್ತಿರ ಹೋದರೆ ಮಾತ್ರ ಕೇಳಬಹುದು. ಯುಗಾದಿ ಬರುವಷ್ಟರಲ್ಲಿ ಅದೇ ಹಕ್ಕಿ ವಿದ್ಯುತ್ ಕಂಬದ ತುದಿಯಲ್ಲಿ ಕೂತು ಬೀದಿಗೆಲ್ಲ ಕೇಳುವಂತೆ ಹಾಡುತ್ತಿರುತ್ತದೆ.

ಆದರೆ ಬ್ಯಾಂಡಿನ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ಬೇರೊಂದು ಹಕ್ಕಿ. ಆಸ್ಟ್ರೇಲಿಯಾ ಮೂಲದ ಜೀಬ್ರಾ ಫಿಂಚ್, ನಮ್ಮೂರ ಸಾಕುಹಕ್ಕಿಗಳ ಅಂಗಡಿಗಳಲ್ಲೂ ಪಂಜರದಲ್ಲಿ ಇಟ್ಟಿರುತ್ತಾರೆ. ಇದರ ಗಂಡು ಒಂದೇ ಹಾಡನ್ನು ಎರಡು ಸಂದರ್ಭಗಳಲ್ಲಿ ಹಾಡುತ್ತದೆ: ಒಂಟಿಯಾಗಿರುವಾಗ, ಮತ್ತು ಎದುರಿಗೆ ಹೆಣ್ಣು ಕೂತು ಕೇಳುವಾಗ. ಒಂಟಿಯಾಗಿದ್ದಾಗ ಸ್ವರಗಳು ಸ್ವಲ್ಪ ಆಚೀಚೆ ಓಲಾಡುತ್ತವೆ. ಹೆಣ್ಣು ಎದುರಿಗಿದ್ದರೆ ಹಾಡು ತುಸು ವೇಗವಾಗುತ್ತದೆ, ಪ್ರತಿ ಸ್ವರವೂ ತನ್ನ ಜಾಗದಲ್ಲೇ ನಿಲ್ಲುತ್ತದೆ. ಹಕ್ಕಿ ಅದೇ, ಹಾಡು ಅದೇ, ಮಿದುಳು ಕೆಲಸ ಮಾಡುವ ಬಗೆ ಮಾತ್ರ ಬೇರೆ ಎಂದು ಎರಿಕ್ ಜಾರ್ವಿಸ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಸತೋಷಿ ಕೊಜಿಮಾ ಮತ್ತು ಆಲಿಸನ್ ಡೂಪ್ 2011ರಲ್ಲಿ ಇನ್ನೂ ಎಳೆಯ ಹಕ್ಕಿಗಳನ್ನು, ಹಾಡು ಬಲಿಯದೇ ಇರುವವನ್ನು, ಹೆಣ್ಣಿನ ಎದುರಿಗೆ ಬಿಟ್ಟು ಕೇಳಿದರು. ಒಂಟಿಯಾಗಿ ತಡವರಿಸುತ್ತಿದ್ದ ಆ ಮರಿಗಳು ಕೇಳುವ ಜೀವವೊಂದು ಎದುರಿಗೆ ಬಂದಕೂಡಲೇ ವಯಸ್ಸಿಗೆ ಮೀರಿ ಚೆನ್ನಾಗಿ ಹಾಡಿದವು. ಇಷ್ಟು ದಿನದ ಅಭ್ಯಾಸದಲ್ಲಿ ಒಳಗೆ ಕೂಡಿದ್ದು ಹೊರಗೆ ಬರಲು ಕೇಳುಗರು ಬೇಕಾಗಿತ್ತು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಜುಲೈ ತಿಂಗಳ ಒಂದು ಸಂಜೆ ಬೆಂಗಳೂರಿನ ದಕ್ಷಿಣ ಭಾಗದ ಕೆಫೆಯೊಂದರ ಮಹಡಿಗೆ ಹೋದೆ. ಹೊರಗೆ ಜಿಟಿಜಿಟಿ ಮಳೆ. ಸೌಂಡ್ ಚೆಕ್ ಹೊತ್ತಿಗೆ ಕೋಣೆ ಪೂರ್ತಿ ಖಾಲಿ. ಸೌಂಡ್ ನೋಡಿಕೊಳ್ಳುವ ಹಿರಿಯರು ಒಬ್ಬೊಬ್ಬರಿಂದಲೂ ನುಡಿಸಿ ಕೇಳುತ್ತ ಹೋದರು. “ಮೈಕ್ ಬಾಯಿಗೆ ಇನ್ನೂ ಹತ್ರ ಹಿಡ್ಕೊಳಮ್ಮ. ಸ್ಪೀಕರ್ ಕಡೆ ಮಾತ್ರ ತಿರುಗಿಸ್ಬೇಡ.” ಹುಡುಗಿ ಮರೆತು ತಿರುಗಿಸಿದಳು, ಕುಯ್ಯೆಂದು ಕಿವಿ ಹರಿಯುವ ಸದ್ದು. ಸ್ಪೀಕರಿನಿಂದ ಬಂದದ್ದು ಮೈಕಿಗೆ, ಮೈಕಿನಿಂದ ಮತ್ತೆ ಸ್ಪೀಕರಿಗೆ, ಸುತ್ತು ಬಿದ್ದು ಬೆಳೆಯುವ ಸದ್ದು ಅದು. ಖಾಲಿ ಕೋಣೆಯಲ್ಲಿ ಎಲ್ಲವೂ ಹೊಳಪಾಗಿ, ಸ್ವಲ್ಪ ಒರಟಾಗಿ ಕೇಳಿಸುತ್ತಿತ್ತು. ಜನ ಬಂದು ಕೂತ ಮೇಲೆ ಅದೇ ಗಿಟಾರು ಮೆತ್ತಗಾಯಿತು. ಮನುಷ್ಯರ ಮೈ, ಬಟ್ಟೆ, ಮಳೆಗೆ ನೆನೆದ ಜಾಕೆಟ್ಟುಗಳು ಮೇಲಿನ ಸ್ವರಗಳನ್ನು ಹೀರಿಕೊಳ್ಳುತ್ತವೆ. ಕೇಳಲು ಬಂದವರು ಕೂತ ಮಾತ್ರಕ್ಕೇ ಹಾಡು ಬದಲಾಗಿರುತ್ತದೆ.

ಮೊದಲ ಹಾಡು ಶುರುವಾಯಿತು. ಶೆಡ್ಡಿನಲ್ಲಿ ಕೇಳಿ ಕೇಳಿ ನನ್ನ ಕಾಲಿಗೇ ಗೊತ್ತಿದ್ದ ನಡೆ ಅದಲ್ಲ. ಡ್ರಮ್ಸ್ ಹುಡುಗನ ಕೈ ಮುಂದೋಡುತ್ತಿದೆ, ಬೇಸ್ ಹಿಂದಿನಿಂದ ಹಿಡಿಯಲು ಹೋಗುತ್ತಿದೆ. ಹುಡುಗಿಗೆ ಎರಡನೇ ಸಾಲಿನ ಕೊನೆಗೆ ಉಸಿರು ಎಳೆದುಕೊಳ್ಳಲು ಜಾಗ ಸಿಗಲಿಲ್ಲ, ಕೊನೆಯ ಪದ ಅರ್ಧಕ್ಕೇ ನಿಂತಿತು. ಮನೆಗೆ ಬಂದು ರೆಕಾರ್ಡರಿನಲ್ಲಿ ನೋಡಿದರೆ ಶೆಡ್ಡಿನಲ್ಲಿ ತೆಗೆದುಕೊಳ್ಳುತ್ತಿದ್ದ ಹೊತ್ತಿಗಿಂತ ಅರ್ಧ ನಿಮಿಷ ಬೇಗ ಮುಗಿದಿತ್ತು. ಅವರಿಗೆ ಹಾಗೆ ಅನ್ನಿಸಿರಲೇ ಇಲ್ಲ. “ಇಲ್ಲ ಮಾಮ, ನಾವು ನಿಧಾನವಾಗೇ ಹಿಡಿದಿದ್ವಿ” ಎಂದ ಅಕ್ಕನ ಮಗ. ಎದೆ ಬಡಿತ ಏರಿದವನಿಗೆ ವೇಗವೂ ನಿಧಾನವಾಗಿಯೇ ಕಾಣುತ್ತದೆ. ಇಲ್ಲಿ ಫಿಂಚಿಗೂ ಇವರಿಗೂ ಒಂದು ವ್ಯತ್ಯಾಸ: ಹಕ್ಕಿ ವೇಗವಾದಾಗ ಸ್ವರ ಬಿಗಿಯಾಗುತ್ತದೆ, ಇವರಲ್ಲಿ ಐದು ಎದೆಗಳು ಒಟ್ಟಿಗೆ ಓಡುವುದರಿಂದ ಶುರುವಿನಲ್ಲಿ ಚೆದುರುತ್ತದೆ. ಆದರೆ ನಾಲ್ಕನೇ ಹಾಡಿನ ಹೊತ್ತಿಗೆ, ಶೆಡ್ಡಿನಲ್ಲಿ ಎಂದೂ ಒಂದೇ ಕಡೆ ನಿಲ್ಲದ ಗಿಟಾರಿನವನ ಆ ತಿರುವು ಮೇಲಿನ ಸ್ವರಕ್ಕೆ ಹೋಗಿ ಗಟ್ಟಿಯಾಗಿ ನಿಂತಿತು. ಅಲ್ಲಿಂದಾಚೆ ಅದು ಬೇರೆ ಕಡೆ ಹೋಗಿಲ್ಲ.

ಆ ಸಂಜೆ ಅವರನ್ನು ದಣಿಸಿದ್ದು ಮಾತಿನ ಗದ್ದಲ. ಹಿಂದಿನ ಮೇಜುಗಳವರು ಕಾಫಿಗೆ ಬಂದವರು, ಹಾಡಿಗಲ್ಲ. ಅವರ ಮಾತು ಏರಿತು, ಸೌಂಡಿನವರು ದನಿ ಏರಿಸಿದರು, ಅದರ ಮೇಲೆ ಮಾತನಾಡಲು ಅವರು ಇನ್ನೂ ಏರಿಸಿದರು. ಫ್ರಾನ್ಸಿನ ಕಿವಿ-ಗಂಟಲು ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ಬರೆದದ್ದು ಇದನ್ನೇ: ಸುತ್ತ ಸದ್ದು ಹೆಚ್ಚಿದರೆ ಮನುಷ್ಯ ತನಗೆ ಅರಿವಿಲ್ಲದೆ ದನಿ ಏರಿಸುತ್ತಾನೆ. ಹಕ್ಕಿಗಳೂ ಹೀಗೇ. ಬರ್ಲಿನ್ನಿನ ಗದ್ದಲದ ರಸ್ತೆಗಳ ಪಕ್ಕದಲ್ಲಿ ನೈಟಿಂಗೇಲ್‌ಗಳು ಹೆಚ್ಚು ಜೋರಾಗಿ ಹಾಡುತ್ತವೆ. ನೆದರ್‌ಲ್ಯಾಂಡ್ಸಿನ ಲೈಡನ್ ನಗರದಲ್ಲಿ, ಗದ್ದಲ ಹೆಚ್ಚಿರುವ ಕಡೆಯ ಗ್ರೇಟ್ ಟಿಟ್‌ಗಳು ತಗ್ಗಿನ ಸ್ವರಗಳನ್ನು ಬಿಟ್ಟು ಮೇಲಿನ ಸ್ವರಗಳಲ್ಲಿ ಹಾಡುತ್ತವೆಂದು 2003ರಲ್ಲಿ ಪ್ರಕಟವಾಯಿತು. ನಮ್ಮ ಹುಡುಗಿ ಕಂಡುಕೊಂಡದ್ದು ಮೂರನೆಯ ದಾರಿ. ಐದನೇ ಹಾಡನ್ನು ವಾದ್ಯಗಳಿಲ್ಲದೆ, ಬರೀ ತಮಟೆಯ ಅಂಚಿನ ಮೆಲುಬಡಿತದೊಂದಿಗೆ, ಮಾತಿನಷ್ಟೇ ತಗ್ಗಿದ ದನಿಯಲ್ಲಿ ಎತ್ತಿಕೊಂಡಳು. ಒಂದೊಂದೇ ಮೇಜು ಸುಮ್ಮನಾಗುತ್ತ ಬಂತು. ಯಾರೂ ಹೇಳಿಕೊಟ್ಟದ್ದಲ್ಲ ಅದು, ಆ ಕ್ಷಣದಲ್ಲಿ ಹೊಳೆದದ್ದು. ಶೆಡ್ಡಿನಲ್ಲಿ ಹೊಳೆಯಲು ಸಾಧ್ಯವೇ ಇರಲಿಲ್ಲ, ಅಲ್ಲಿ ಮಾತನಾಡುವ ಮೇಜುಗಳಿರಲಿಲ್ಲ.

ಚಪ್ಪಾಳೆಯ ಬಗ್ಗೆಯೂ ಬರೆದಿಟ್ಟುಕೊಂಡಿದ್ದೇನೆ. ಹಾಡು ಮುಗಿದ ಮೇಲೆ ಒಂದು ಚಿಕ್ಕ ಖಾಲಿ ಹೊತ್ತು ಬರುತ್ತದೆ. ವೇದಿಕೆಯ ಮೇಲಿರುವವರಿಗೆ ಅದು ಬಹಳ ಉದ್ದ. ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ರಿಚರ್ಡ್ ಮ್ಯಾನ್ ಮತ್ತು ಸಂಗಡಿಗರು ಭಾಷಣ ಕೇಳಿದ ಸಣ್ಣ ಸಣ್ಣ ಗುಂಪುಗಳ ಚಪ್ಪಾಳೆಯನ್ನು ಚಿತ್ರೀಕರಿಸಿ 2013ರಲ್ಲಿ ಪ್ರಕಟಿಸಿದರು. ಚಪ್ಪಾಳೆ ಒಬ್ಬರಿಂದ ಶುರುವಾಗಿ ಅಂಟುರೋಗದ ಹಾಗೆ ಹರಡುತ್ತದೆ. ಈಗಾಗಲೇ ಎಷ್ಟು ಜನ ತಟ್ಟುತ್ತಿದ್ದಾರೆ ಎಂದು ಕಿವಿಗೆ ಬೀಳುವುದೇ ಉಳಿದವರನ್ನು ಎಳೆಯುತ್ತದೆ. ಪಕ್ಕದವರು ತಟ್ಟಿದರೋ ಇಲ್ಲವೋ ಅನ್ನುವುದು ಅಷ್ಟು ಮುಖ್ಯವಲ್ಲ. ಎಷ್ಟು ಹೊತ್ತು ತಟ್ಟುತ್ತಾರೆ ಅನ್ನುವುದಕ್ಕೂ ಭಾಷಣ ಎಷ್ಟು ಚೆನ್ನಾಗಿತ್ತು ಅನ್ನುವುದಕ್ಕೂ ಸಂಬಂಧವಿರಲಿಲ್ಲ. ಕೆಫೆಯಲ್ಲಿ ಪ್ರತಿ ಸಲವೂ ಮೊದಲು ಕೈತಟ್ಟಿದ್ದು ಕಿಟಕಿ ಪಕ್ಕ ಕೂತಿದ್ದ ಒಬ್ಬ ಹೆಂಗಸು. ತಂಡದ ಯಾರಿಗೂ ಆಕೆಯ ಪರಿಚಯವಿರಲಿಲ್ಲ. ಆಕೆ ಎದ್ದು ಹೋದ ಮೇಲೆ ಕೊನೆಯ ಹಾಡಿಗೆ ಆ ಖಾಲಿ ಹೊತ್ತು ನಿಜವಾಗಿಯೂ ಉದ್ದವಾಯಿತು.

ಮುಂದಿನದು ಕಾಲೇಜೊಂದರ ಹಬ್ಬ, ನಾಲ್ಕೂ ಕಡೆ ಕಟ್ಟಡವಿರುವ ಅಂಗಳ. ಅಲ್ಲಿ ಎದುರಿನ ಗೋಡೆಯೇ ಕಾಟ ಕೊಟ್ಟಿತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಗೋಡೆ ಮೂವತ್ತು ಮೀಟರ್ ದೂರವಿದ್ದರೆ ಹಾಡಿದ್ದು ಹೋಗಿ ಮರಳಲು ಸೆಕೆಂಡಿನ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು. ತನ್ನ ದನಿಯೇ ಇಷ್ಟು ತಡವಾಗಿ ಕಿವಿಗೆ ಬಿದ್ದರೆ ಮನುಷ್ಯನ ಮಾತು ತೊದಲುತ್ತದೆ, ಎಳೆಯುತ್ತದೆ. ಬರ್ನಾರ್ಡ್ ಲೀ ಎಂಬವರು ಇದನ್ನು 1950ರಲ್ಲೇ ದಾಖಲಿಸಿದ್ದಾರೆ. ಹುಡುಗಿ ಪ್ರತಿ ಸಾಲಿಗೂ ಹಿಂದೆ ಬೀಳುತ್ತಿದ್ದಳು, ಡ್ರಮ್ಸ್ ತನ್ನದೇ ಪ್ರತಿಧ್ವನಿಗೆ ಕಾಯುತ್ತಿತ್ತು. ಕೆಫೆಯಲ್ಲಿ ಓಡಿದ ಹಾಡು ಇಲ್ಲಿ ಕಾಲೆಳೆಯಿತು. ವೇದಿಕೆಯ ಮೇಲೆ ನುಡಿಸುವವರ ಕಡೆಗೇ ಮುಖ ಮಾಡಿ ಇಡುವ ಮಾನಿಟರ್ ಸ್ಪೀಕರುಗಳು ಇರುವುದು ಇದಕ್ಕೇ: ಗೋಡೆಯಿಂದ ಬರುವ ಹಳೆಯ ದನಿಗಿಂತ ಮೊದಲು, ಅದಕ್ಕಿಂತ ಜೋರಾಗಿ, ಅವರ ಈಗಿನ ದನಿ ಅವರಿಗೆ ಕೇಳಬೇಕು. ಅಲ್ಲಿದ್ದ ಎರಡರಲ್ಲಿ ಒಂದು ಕೆಟ್ಟಿತ್ತು. ಉಳಿದ ಒಂದನ್ನು ಹುಡುಗಿಗೆ ಬಿಟ್ಟುಕೊಟ್ಟು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಣ್ಣಲ್ಲೇ ತಾಳ ಹಿಡಿದು ಮುಗಿಸಿದರು. ಜನಕ್ಕೆ ಬೆನ್ನು ಹಾಕಿ ನುಡಿಸಿದರೆಂದು ಆಮೇಲೆ ಯಾರೋ ದೂರಿದರಂತೆ. ನಾನು ಬರೆದುಕೊಂಡದ್ದು: ಈ ಐವರು ಒಬ್ಬರನ್ನೊಬ್ಬರು ನೋಡಲು ಕಲಿತದ್ದು ಇವತ್ತು.

ಅಕ್ಟೋಬರಿನಲ್ಲಿ ಚಿಕ್ಕಬಳ್ಳಾಪುರದ ಕಡೆ ಒಂದು ತೋಟದಲ್ಲಿ ನುಡಿಸಲು ಕರೆದರು. ಬಯಲಿನಲ್ಲಿ ಹಲಗೆ ಹಾಸಿದ ಸಣ್ಣ ವೇದಿಕೆ. ಮಧ್ಯಾಹ್ನ ಮಳೆ ಬಂದು ನಿಂತಿತ್ತು, ಗಾಳಿಯೆಲ್ಲ ತೇವ. ತಮಟೆಯ ಚರ್ಮ ತೇವ ಕುಡಿದು ಸಡಿಲಾಗಿ ಬರೀ ಬೊದ್ದು ಸದ್ದು. ಕೆಫೆಯಲ್ಲಿ ಬೆಂಕಿಗೆ ಅವಕಾಶವಿರಲಿಲ್ಲ, ತಮಟೆಯ ಹುಡುಗ ಹೇರ್ ಡ್ರೈಯರ್ ಹಿಡಿದು ಹೇಗೋ ನಿಭಾಯಿಸಿದ್ದ. ಇಲ್ಲಿ ವೇದಿಕೆಯ ಹಿಂದೆ ತೆಂಗಿನ ಗರಿ, ಹಳೇ ಪೇಪರು ಗುಡ್ಡೆ ಹಾಕಿ ಹೊತ್ತಿಸಿ, ತಮಟೆಯನ್ನು ಉರಿಯ ಮೇಲೆ ನಿಲ್ಲಿಸದೆ ಸುತ್ತಿಸುತ್ತ ಕಾಯಿಸಿದ. ನಡುನಡುವೆ ಬೆರಳಲ್ಲಿ ಮೀಟಿ ಕಿವಿಗೆ ಹಿಡಿಯುತ್ತಿದ್ದ. ಬೊದ್ದು ಸದ್ದು ಏರುತ್ತ ಏರುತ್ತ ಟಣ್ಣೆನ್ನುವ ಬಿಗಿಗೆ ಬಂತು. “ಅಪ್ಪ ಹಿಂಗೇ ಕಾಯಿಸ್ತಿದ್ದ ಸರ್. ಜಾಸ್ತಿಯಾದ್ರೆ ಹರಿದೋಗುತ್ತೆ” ಎಂದ. ಅವನ ಚೀಲದಲ್ಲಿ ಒಂದು ಖಂಜಿರವೂ ಇತ್ತು, ಮೇಕೆ ಚರ್ಮದ್ದು. ಖಂಜಿರಕ್ಕೆ ಹಿಂದೆ ಉಡದ ಚರ್ಮ ಕಟ್ಟುತ್ತಿದ್ದರು. ಉಡಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ನಾದ ಸ್ವಲ್ಪ ಬೇರೆಯಾದರೂ ಪರವಾಗಿಲ್ಲ, ಉಡ ಹೊಲದಲ್ಲೇ ಇರಲಿ ಎಂದು ಈ ಹುಡುಗ ಮೇಕೆ ಚರ್ಮ ಹಿಡಿದಿರುವುದು ನನಗೆ ಬಹಳ ಹಿಡಿಸಿತು.

ಕತ್ತಲಾದ ಮೇಲೆ, ಹಾಡು ಶುರುವಾಗಲು ಇನ್ನೂ ಹೊತ್ತಿದ್ದಾಗ, ಬೇಲಿಯ ಕಡೆ ಹೋದೆ. ಬೇಲಿಯುದ್ದಕ್ಕೂ ಹಿಪ್ಟಿಸ್ ಗಿಡ, ಎಲೆ ಮುಟ್ಟಿದರೆ ತುಳಸಿಯಂಥ ಗಾಟು ವಾಸನೆ, ಅಮೆರಿಕದಿಂದ ಬಂದು ನಮ್ಮ ಬಯಲೆಲ್ಲ ಹಬ್ಬಿರುವ ಕಳೆ. ಇದರ ಮೇಲೆ ಹಾಡುವ ತೆಳುಹಸಿರು ಮೈಯ ಪುಟ್ಟ ಜೀರುಂಡೆಯ ಹೆಸರು ಇಕಾಂಥಸ್ ಹೆನ್ರಿಯೈ. ಕೆಂಪು ಬೆಳಕಿನ ಟಾರ್ಚಿನಲ್ಲಿ ದನಿಯ ಬೆನ್ನು ಹತ್ತಿ ಹೋದರೆ ಒಂದು ಗಂಡು ಸಿಕ್ಕಿತು. ಎಲೆಯ ನಡುವೆ ತಾನೇ ಕಡಿದು ತೂತು ಮಾಡಿದೆ, ತೂತಿನೊಳಗೆ ತಲೆ ತೂರಿಸಿದೆ, ರೆಕ್ಕೆಗಳನ್ನು ಎತ್ತಿ ಎಲೆಯ ಮೈಗೆ ಸಮವಾಗಿ ಹರಡಿ ಉಜ್ಜುತ್ತಿದೆ. ರೆಕ್ಕೆ ಎಷ್ಟು ವೇಗವಾಗಿ ಅದುರುತ್ತದೆಂದರೆ ಕಣ್ಣಿಗೆ ಒಂದು ಮಂಜಿನ ಪೊರೆಯಷ್ಟೇ ಕಾಣುತ್ತದೆ.

ಎಲೆ ಅದಕ್ಕೆ ಧ್ವನಿವರ್ಧಕ. ಅದುರುವ ರೆಕ್ಕೆ ಮುಂದಕ್ಕೂ ಹಿಂದಕ್ಕೂ ಸದ್ದು ತಳ್ಳುತ್ತದೆ. ಈ ಎರಡು ಅಲೆಗಳು ರೆಕ್ಕೆಯ ಅಂಚಿನಲ್ಲಿ ಸೇರಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ನಡುವೆ ಎಲೆ ಅಡ್ಡ ನಿಂತರೆ ಸೇರುವುದಿಲ್ಲ, ದನಿ ಜೋರಾಗುತ್ತದೆ. ವೇದಿಕೆಯ ಎರಡು ಬದಿ ನಿಂತಿದ್ದ ಸ್ಪೀಕರುಗಳನ್ನು ಪೆಟ್ಟಿಗೆಯೊಳಗೆ ಕೂರಿಸಿರುವುದಕ್ಕೂ ಇದೇ ಒಂದು ಮುಖ್ಯ ಕಾರಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್, ರಿತ್ತಿಕ್ ದೇಬ್ ಮತ್ತು ಸಂಗಡಿಗರು ಈ ಜೀರುಂಡೆಗಳನ್ನು ಅಧ್ಯಯನ ಮಾಡಿ 2020ರಲ್ಲಿ ಬರೆದ ಪ್ರಬಂಧದಲ್ಲಿ ಇನ್ನೂ ಸೊಗಸಾದ ಸಂಗತಿಯಿದೆ. ಎಲ್ಲ ಗಂಡುಗಳೂ ಎಲೆ ಕಡಿಯುವುದಿಲ್ಲ. ಮೈ ಚಿಕ್ಕದಾಗಿದ್ದು ದನಿ ಸಣ್ಣದಾಗಿರುವವೇ ಹೆಚ್ಚಾಗಿ ಕಡಿಯುತ್ತವೆ. ಎಲೆಯ ಬಲದಿಂದ ಅವು ದೊಡ್ಡ ಗಂಡುಗಳ ದನಿಗೆ ಸಾಟಿಯಾಗಿ ಕೇಳಿಸುತ್ತವೆ, ಹೆಣ್ಣುಗಳು ಅವುಗಳ ಕಡೆಗೂ ಬರುತ್ತವೆ.

ನಾನು ಬೇಲಿಯಿಂದ ಮರಳುವಷ್ಟರಲ್ಲಿ ತಮಟೆ ಎದ್ದಿತ್ತು. ಬಯಲಿನಲ್ಲಿ ಎದುರು ಗೋಡೆಯಿಲ್ಲ, ಹೋದ ಸದ್ದು ಹೋಯಿತು. ಹುಡುಗಿ ಉಸಿರಿಗೆ ಜಾಗ ಬಿಟ್ಟುಕೊಂಡಳು. ಗಿಟಾರಿನ ತಿರುವು ಕೆಫೆಯಲ್ಲಿ ನಿಂತ ಜಾಗದಲ್ಲೇ ನಿಂತಿತು. ಡ್ರಮ್ಸ್ ಹುಡುಗ ಬೇಸಿನ ಕಡೆ ಒಂದು ಸಲ ನೋಡಿ ತಲೆ ಆಡಿಸಿದ, ಇಬ್ಬರೂ ಒಂದೇ ಏಟಿಗೆ ಬಿದ್ದರು. ಮನೆಗೆ ಬಂದು ಅಳೆದರೆ ಹಾಡು ಶೆಡ್ಡಿನ ಹೊತ್ತಿಗೆ ಸ್ವಲ್ಪವೇ ಮುಂಚೆ ಮುಗಿದಿತ್ತು, ಫಿಂಚಿನಷ್ಟೇ ಮುಂಚೆ. ಹತ್ತು ಗಂಟೆಗೆ ಸರಿಯಾಗಿ ಸ್ಪೀಕರು ನಿಲ್ಲಿಸಿದರು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಒಳ್ಳೆಯ ನಿಯಮ, ರಾತ್ರಿಯಲ್ಲಿ ಹಾಡಬೇಕಾದವರು ಬೇರೆಯೂ ಇದ್ದಾರೆ. ಕೊನೆಯ ಹಾಡನ್ನು ಅವರು ಮೈಕಿಲ್ಲದೆ, ವೇದಿಕೆ ಇಳಿದು, ಜನರ ನಡುವೆ ನಿಂತು ಹಾಡಿದರು.

ಸಣ್ಣ ದನಿಗೆ ಒಂದು ಎಲೆ ಬೇಕು, ಎಳೆಯ ಹಾಡಿಗೆ ಎದುರಿಗೊಂದು ಜೀವ ಬೇಕು. ಬೆಂಗಳೂರಿನಲ್ಲಿ ಹೊಸಬರಿಗೆ ಬಾಗಿಲು ತೆರೆಯುತ್ತಿದ್ದ ಚಿಕ್ಕ ಜಾಗಗಳು ಬಾಡಿಗೆಯ ಭಾರಕ್ಕೆ ಒಂದೊಂದಾಗಿ ಮುಚ್ಚಿಹೋಗಿವೆ. ಕೆರೆ ಬತ್ತಿದರೆ ಕಪ್ಪೆ ಎಲ್ಲಿ ಕೂಗಬೇಕು ಎಂದು ಕೇಳುವ ನಾವು ಇದನ್ನೂ ಕೇಳಬೇಕು. ನಿಮ್ಮೂರಿನಲ್ಲಿ, ನಿಮ್ಮ ಬಡಾವಣೆಯಲ್ಲಿ, ಹೆಸರೇ ಕೇಳಿರದ ತಂಡವೊಂದು ನುಡಿಸುತ್ತದೆಂದು ಗೋಡೆಯ ಮೇಲೆ ಚೀಟಿ ಕಂಡರೆ ದಯವಿಟ್ಟು ಹೋಗಿ. ಟಿಕೆಟ್ ಇದ್ದರೆ ಕೊಳ್ಳಿ. ಮುಂದಿನ ಕುರ್ಚಿಗಳು ಖಾಲಿಯಿದ್ದರೆ ಅಲ್ಲೇ ಕೂತು, ಮಾತು ನಿಲ್ಲಿಸಿ ಕೇಳಿ. ಹಾಡು ಮುಗಿದಾಗ ಬೇರೆಯವರಿಗೆ ಕಾಯದೆ ನೀವೇ ಮೊದಲು ಕೈತಟ್ಟಿ, ಕೊನೆಯ ಹಾಡಿನವರೆಗೂ ಇರಿ.